ಮುಚ್ಚಿ ತೆಗೆದರೆ ನೆಟ್ ಮಾಯ: ದಾಲ್ ಮಿಲ್ಲಿನ ಲ್ಯಾಪ್‌ಟಾಪ್ ಜೊತೆ ನನ್ನ ಅನುಭವ

ಲಾರಿ ಕಾಟಾ ಇಳಿದು ಗೇಟಿನ ಹತ್ತಿರ ಬಂದು ನಿಂತಿದೆ. ಡ್ರೈವರ್ ಆಗಲೇ ಎರಡು ಸಲ ಹಾರ್ನ್ ಹೊಡೆದಿದ್ದಾನೆ. ನಾನು ಲ್ಯಾಪ್‌ಟಾಪ್ ತೆರೆದು ಕೂತಿದ್ದೇನೆ. ವೈಫೈ ಗುರುತು ಇರಬೇಕಾದ ಮೂಲೆಯಲ್ಲಿ ಒಂದು ಗೋಳದ ಚಿತ್ರ ಮಾತ್ರ ಇದೆ.

"ಮುನೀಮರೇ, ಗಾಡಿ ಇನ್ನಾ ಯಾಕ ನಿಂತದ?" ಒಳಗಿನಿಂದ ಸಾವ್ಕಾರರ ದನಿ.

"ನೆಟ್ ಬರವಲ್ದರಿ."

"ಮುಂಜಾನಿ ಇತ್ತಲ್ಲ?"

ಮುಂಜಾನೆ ಇತ್ತು. ಊಟಕ್ಕೆ ಹೋಗುವಾಗಲೂ ಇತ್ತು. ಲ್ಯಾಪ್‌ಟಾಪ್ ಮುಚ್ಚಿ, ರೊಟ್ಟಿ ತಿಂದು ಬಂದು ತೆಗೆದರೆ ಇಲ್ಲ.

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುವವನು ನಾನು. ಕಂಪ್ಯೂಟರ್ ಓದಿದವನಲ್ಲ, ಬಿ.ಕಾಂ. 25 ಕಿಲೋ ಒಳಗಿನ ಲೇಬಲ್ ಹಾಕಿದ ತೊಗರಿಬೇಳೆ ಚೀಲ ಹೈದರಾಬಾದಿಗೆ ಹೊರಟರೆ, ಮಾಲು 50,000 ರೂಪಾಯಿ ದಾಟಿದ್ದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಸರ್ಕಾರದ ಸೈಟಿನಲ್ಲಿ ಮಾಡುವ ಚೀಟಿ, ಆಗಲೇಬೇಕು. ಲಾರಿ ನಂಬರು ತುಂಬುವುದು ಗಾಡಿ ಬಂದ ಮೇಲೇ. ಹಾಗಾಗಿ ಮೊದಲೇ ಮಾಡಿಟ್ಟುಕೊಳ್ಳುವ ಹಾದಿ ನನಗಿರಲಿಲ್ಲ. ಆ ಹೊತ್ತಿಗೆ ನೆಟ್ ಬೇಕು, ಆ ಹೊತ್ತಿಗೇ ಅದು ಇರುತ್ತಿರಲಿಲ್ಲ.

ಅವತ್ತು ಮಾನ ಉಳಿಸಿದ್ದು ಮೊಬೈಲಿನ ಚಾರ್ಜಿಂಗ್ ವೈರು. ಮೊದಲು ಹಾಟ್‌ಸ್ಪಾಟ್ ಹಾಕಿದೆ, ಉಪಯೋಗವಾಗಲಿಲ್ಲ. ಆಗುವುದಾದರೂ ಹೇಗೆ, ಲ್ಯಾಪ್‌ಟಾಪಿನ ವೈಫೈಯೇ ಮಲಗಿರುವಾಗ? ವೈರು ಚುಚ್ಚಿ ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ವೈಫೈಯ ಹಂಗಿಲ್ಲದೆ ನೆಟ್ ಬರುತ್ತದೆ. ಬಿಲ್ ಆಯಿತು, ಗಾಡಿ ಹೋಯಿತು. ರಿಪೇರಿಗೆ ಕೈ ಹಾಕುವ ಮೊದಲು ಈ ದಾರಿಯನ್ನು ರೂಢಿ ಮಾಡಿಕೊಳ್ಳಿ. ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡು ಹುಡುಕಿದರೆ ಯಾವ ದೋಷವೂ ಸಿಗುವುದಿಲ್ಲ.

ಆಮೇಲಿನ ಎಂಟು ದಿನ ಸಲಹೆಗಳ ಜಾತ್ರೆ. ಪರಿಚಯದ ಹುಡುಗನೊಬ್ಬ "ಫಾರ್ಮ್ಯಾಟ್ ಹೊಡೀರಿ ಸರ್, ಎಲ್ಲಾ ಸಾಫ್ ಆಗ್ತದ" ಅಂದ. ಅಂಗಡಿಯವರೊಬ್ಬರು ತೆಗೆದೂ ನೋಡದೆ ವೈಫೈ ಕಾರ್ಡೇ ಹೋಗಿದೆ ಅಂದರು. ನಾನು ಯೂಟ್ಯೂಬ್ ನೋಡಿ ನೆಟ್‌ವರ್ಕ್ ರೀಸೆಟ್ ಮಾಡಿದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೆಲ್ಲ ಅಳಿಸಿಹೋದವು. ಜೊತೆಗೆ ವಿಂಡೋಸ್ ನಮ್ಮ ಮಿಲ್ಲಿನ ವೈಫೈಯನ್ನು ಬಸ್‌ಸ್ಟ್ಯಾಂಡಿನ ವೈಫೈ ಎಂಬಂತೆ 'ಪಬ್ಲಿಕ್' ಪಟ್ಟಿಗೆ ಸೇರಿಸಿತು. ಪಕ್ಕದ ಕೋಣೆಯ ಕಂಪ್ಯೂಟರಿಗೆ ನನ್ನಲ್ಲಿರುವ ಟ್ಯಾಲಿ ಲೆಕ್ಕದ ಫೋಲ್ಡರ್ ಕಾಣದಾಯಿತು. ಅದನ್ನು ಮತ್ತೆ 'ಪ್ರೈವೇಟ್' ಮಾಡಬೇಕೆಂದು ತಿಳಿಯುವಷ್ಟರಲ್ಲಿ ಅರ್ಧ ದಿನ ಹೋಗಿತ್ತು. ಮೂಲ ರೋಗ ಮಾತ್ರ ಕೂದಲು ಕೊಂಕಿಲ್ಲದೆ ಹಾಗೇ ಇತ್ತು.

ಆಗ ನನಗೆ ಬರುವ ಕೆಲಸವನ್ನೇ ಮಾಡೋಣ ಅನ್ನಿಸಿತು. ಲೆಕ್ಕ ತಾಳೆಯಾಗದಿದ್ದಾಗ ಏನು ಮಾಡುತ್ತೇವೆ? ಒಂದೊಂದೇ ವೋಚರ್ ಹಿಡಿದು ನೋಡುತ್ತೇವೆ. ಹಳೆಯ ಬಿಲ್ಟಿಯೊಂದರ, ಅಂದರೆ ಲಾರಿ ರಸೀದಿಯ, ಬೆನ್ನಿಗೆ ಗೆರೆ ಎಳೆದೆ. ನೆಟ್ ಕೈಕೊಟ್ಟ ಹೊತ್ತು, ಲ್ಯಾಪ್‌ಟಾಪ್ ಎಷ್ಟು ಹೊತ್ತು ಮುಚ್ಚಿತ್ತು, ಚಾರ್ಜರ್ ಇತ್ತೋ ಇಲ್ಲವೋ, ನಡುವೆ ಕರೆಂಟ್ ಹೋಗಿತ್ತೋ, ಅದೇ ವೈಫೈಯಲ್ಲಿ ಮೊಬೈಲಿಗೆ ನೆಟ್ ಬರುತ್ತಿದೆಯೋ, ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕದ ವೈಫೈ ಹೆಸರುಗಳು ಕಾಣುತ್ತಿವೆಯೋ. ಎರಡು ವಾರದಲ್ಲಿ ಹನ್ನೊಂದು ಸಾಲು ತುಂಬಿದವು.

ಓದಿ ನೋಡಿದರೆ ಅವು ಒಂದೇ ರೋಗದ ಸಾಲುಗಳಲ್ಲ. ನಾಲ್ಕರಲ್ಲಿ ಮೊಬೈಲಿಗೂ ನೆಟ್ ಇರಲಿಲ್ಲ. ಆ ನಾಲ್ಕೂ ಕರೆಂಟ್ ಹೋಗಿ ಬಂದ ಹೊತ್ತು. ರೂಟರ್ ಎದ್ದು ವೈಫೈ ಬಿಟ್ಟಿರುತ್ತದೆ, ಹೊರಗಿನ ಫೈಬರ್ ಲೈನು ಇನ್ನೂ ಕೂಡಿಕೊಂಡಿರುವುದಿಲ್ಲ. ಲ್ಯಾಪ್‌ಟಾಪು "ಕನೆಕ್ಟೆಡ್, ನೋ ಇಂಟರ್ನೆಟ್" ಎನ್ನುತ್ತದೆ. ಎರಡು ಮೂರು ನಿಮಿಷ ಸುಮ್ಮನಿದ್ದರೆ ತಾನಾಗಿ ಬರುತ್ತದೆ. ಅದಕ್ಕೆ ನಾನು ಇಷ್ಟು ದಿನ ಲ್ಯಾಪ್‌ಟಾಪನ್ನು ಬೈಯುತ್ತಿದ್ದೆ. ರೂಟರಿಗೊಂದು ಚಿಕ್ಕ ಯುಪಿಎಸ್ ತಂದಿಟ್ಟ ಮೇಲೆ ಆ ಕಾಟ ತಪ್ಪಿತು.

ಉಳಿದ ಏಳು ಬೇರೆ. ಮೊಬೈಲಿಗೆ ನೆಟ್ ಇದೆ, ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ವೈಫೈ ಹೆಸರೂ ಇಲ್ಲ. ಏಳೂ ಸಲ ಚಾರ್ಜರ್ ಕಿತ್ತಿಟ್ಟಿದ್ದೆ. ಕಿತ್ತವನು ನಾನೇ! ಊಟ ಮುಗಿದು ಮಿಲ್ಲಿನ ಮೋಟರುಗಳು ಶುರುವಾಗುವಾಗ ಆಫೀಸಿನ ದೀಪ ಒಮ್ಮೆ ಮಂಕಾಗಿ ಏಳುತ್ತದೆ. ವೋಲ್ಟೇಜ್ ಏರಿಳಿತಕ್ಕೆ ಹೆದರಿ ಊಟಕ್ಕೆ ಏಳುವಾಗ ಪ್ಲಗ್ ಕೀಳುವುದು ನನ್ನ ಹಳೆ ಚಾಳಿ.

ಚಾರ್ಜರಿಗೂ ವೈಫೈಗೂ ಏನು ಸಂಬಂಧ? ಇದೆ. ವಿಂಡೋಸಿನ ಮಾಮೂಲಿ 'ಬ್ಯಾಲೆನ್ಸ್ಡ್' ಪ್ಲಾನಿನಲ್ಲಿ ಬ್ಯಾಟರಿಗೆ ಒಂದು ಲೆಕ್ಕ, ಚಾರ್ಜರಿಗೆ ಇನ್ನೊಂದು. ಪವರ್ ಆಪ್ಷನ್ಸ್ ಒಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆಗೆದು ನೋಡಿದೆ. ವೈರ್‌ಲೆಸ್ ಅಡಾಪ್ಟರ್ ಚಾರ್ಜರಿನಲ್ಲಿದ್ದಾಗ ಪೂರ್ತಿ ಶಕ್ತಿಯಲ್ಲಿ, ಬ್ಯಾಟರಿಯಲ್ಲಿದ್ದಾಗ ಮಿತವ್ಯಯದಲ್ಲಿ. ಕಾರ್ಡು ಕೂತಿರುವ ಪಿಸಿಐ ಎಕ್ಸ್‌ಪ್ರೆಸ್ ಹಾದಿಗೆ ಬ್ಯಾಟರಿಯಲ್ಲಿ ಇನ್ನೂ ಬಿಗಿ ಜಿಪುಣತನ. ಲ್ಯಾಪ್‌ಟಾಪ್ ಎದ್ದಾಗ ವೈಫೈ ಕಾರ್ಡಿಗೆ ಕರೆಂಟ್ ಮರಳಿ ಬರಬೇಕು, ಅದು ತನ್ನ ಫರ್ಮ್‌ವೇರ್ (ಕಾರ್ಡಿನ ಒಳಗೇ ಓಡುವ ಪ್ರೋಗ್ರಾಂ) ತುಂಬಿಕೊಳ್ಳಬೇಕು, ಡ್ರೈವರ್ (ಲಾರಿಯದಲ್ಲ, ಕಾರ್ಡನ್ನು ನಡೆಸುವ ವಿಂಡೋಸಿನ ಪ್ರೋಗ್ರಾಂ) ಕರೆದರೆ ಓಗೊಡಬೇಕು. ಆಳವಾದ ನಿದ್ದೆಯಲ್ಲಿದ್ದ ಕಾರ್ಡು ಓಗೊಡಲಿಲ್ಲವೆಂದರೆ ಡ್ರೈವರ್ ಕೈಚೆಲ್ಲುತ್ತದೆ. ಲ್ಯಾಪ್‌ಟಾಪಿನ ಬಿಡಿಭಾಗಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ನೋಡಿದಾಗ ವೈಫೈ ಕಾರ್ಡಿನ ಮೇಲೆ ಹಳದಿ ಗುರುತು, ಒಳಗೆ ಕೋಡ್ 10: ಈ ಸಾಧನ ಶುರುವಾಗುತ್ತಿಲ್ಲ.

ಅಲ್ಲೇ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಟ್ಟು, ಮತ್ತೆ ಎನೇಬಲ್ ಕೊಟ್ಟೆ. ಹತ್ತು ಸೆಕೆಂಡಿನಲ್ಲಿ ಎಲ್ಲ ಹೆಸರುಗಳೂ ಬಂದವು. ನನಗೆ ಜೀವ ಬಂದಂತಾಯಿತು, ಯಾಕೆಂದರೆ ಕಾರ್ಡು ಸತ್ತಿದ್ದರೆ ಹೀಗೆ ಏಳುವುದಿಲ್ಲ. ಇದಕ್ಕೆ ಮೊದಲು ಕಂಡಿದ್ದ ಇನ್ನೊಂದು ಒಗಟೂ ಬಿಡಿಸಿತು: ಶಟ್‌ಡೌನ್ ಮಾಡಿ ಆನ್ ಮಾಡಿದರೆ ಕೆಲವು ಸಲ ದೋಷ ಹಾಗೇ ಇರುತ್ತಿತ್ತು, ರೀಸ್ಟಾರ್ಟ್ ಕೊಟ್ಟರೆ ಹೋಗುತ್ತಿತ್ತು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸ್ ತನ್ನ ಒಳಭಾಗವನ್ನೂ ಡ್ರೈವರುಗಳ ಸ್ಥಿತಿಯನ್ನೂ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಸ್ಥಿತಿ ಬರೆದಿಟ್ಟಿದ್ದರೆ ಕೆಟ್ಟದ್ದೇ ಮರಳುತ್ತದೆ. ರೀಸ್ಟಾರ್ಟ್ ಮಾತ್ರ ಹೊಸದಾಗಿ ಹತ್ತಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಬಟನ್ ಸೆಟ್ಟಿಂಗಿಗೆ ಹೋಗಿ ಅದನ್ನು ಆಫ್ ಮಾಡಿದೆ. ಆನ್ ಆಗಲು ಸ್ವಲ್ಪ ತಡ, ಆ ಹೊತ್ತಿಗೆ ಒಂದು ಚಹಾ.

ಔಷಧಿ ನಿಜಕ್ಕೂ ಚಿಕ್ಕದು. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡಿನ ಪ್ರಾಪರ್ಟೀಸ್, ಅದರಲ್ಲಿ ಪವರ್ ಮ್ಯಾನೇಜ್‌ಮೆಂಟ್ ಎಂಬ ಟ್ಯಾಬ್. ಕರೆಂಟ್ ಉಳಿಸಲು ಕಂಪ್ಯೂಟರ್ ಈ ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಮುಂದಿನ ಟಿಕ್ ತೆಗೆಯಬೇಕು. ಅಷ್ಟೇ. ಬೇರೆ ಯಾವುದನ್ನೂ ಮುಟ್ಟದೆ ಅದೊಂದನ್ನೇ ಬದಲಿಸಿ, ಬಿಲ್ಟಿ ಪಟ್ಟಿ ಮುಂದುವರಿಸಿದೆ. ಮೂರು ವಾರದಲ್ಲಿ ಒಂದೇ ಸಲ ಕೈಕೊಟ್ಟಿತು. ಪಿಸಿಐ ಎಕ್ಸ್‌ಪ್ರೆಸ್ಸಿನ ಬ್ಯಾಟರಿ ಲೆಕ್ಕವನ್ನೂ 'ಆಫ್'ಗೆ ತಂದ ಮೇಲೆ ಅದೂ ನಿಂತಿತು. ಬ್ಯಾಟರಿ ಮೊದಲಿಗಿಂತ ಸ್ವಲ್ಪ ಬೇಗ ಇಳಿಯುತ್ತದೆ. ಇಳಿಯಲಿ, ಗಾಡಿ ನಿಲ್ಲುವುದಕ್ಕಿಂತ ವಾಸಿ.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಈ ಟ್ಯಾಬೇ ಕಾಣದಿರಬಹುದು. ನನ್ನ ಅಳಿಯನದರಲ್ಲಿ ಇರಲಿಲ್ಲ. ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಜಾಗ ಬಿಟ್ಟು, ಸ್ಲ್ಯಾಶ್ ಎ (powercfg /a) ಹೊಡೆದರೆ ನಿಮ್ಮ ಯಂತ್ರ ಯಾವ ಬಗೆಯ ನಿದ್ದೆ ಮಾಡುತ್ತದೆಂದು ಹೇಳುತ್ತದೆ. ಎಸ್3 ಇದ್ದರೆ ಹಳೆಯ ಕುಂಭಕರ್ಣ ನಿದ್ದೆ. ಎಸ್0 ಲೋ ಪವರ್ ಐಡಲ್ ಇದ್ದರೆ ಮೊಬೈಲಿನಂತೆ ಕೋಳಿನಿದ್ದೆ. ಅಂಥದರಲ್ಲಿ ಈ ಟ್ಯಾಬ್ ಸಾಮಾನ್ಯವಾಗಿ ಅಡಗಿರುತ್ತದೆ. ಅಳಿಯನಿಗೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ವೈಫೈ ಡ್ರೈವರ್ ಇಳಿಸಿ ಹಾಕಿಕೊಟ್ಟೆ, ಸರಿಹೋಯಿತು.

ಒಂದು ಕಿರಿಕಿರಿ ಉಳಿಯಿತು. ಎರಡು ತಿಂಗಳ ಮೇಲೆ ದೋಷ ಮತ್ತೆ ಬಂದಾಗ ನೋಡಿದರೆ ತೆಗೆದಿದ್ದ ಟಿಕ್ ಮತ್ತೆ ಕೂತಿತ್ತು. ವಿಂಡೋಸ್ ಅಪ್‌ಡೇಟ್ ಜೊತೆ ಹೊಸ ಡ್ರೈವರ್ ಬಂದು ಎಲ್ಲವನ್ನೂ ಮೊದಲಿನಂತೆ ಮಾಡಿತ್ತು. ಈಗ ದೊಡ್ಡ ಅಪ್‌ಡೇಟ್ ಆದ ಮರುದಿನ ಕ್ಯಾಶ್ ತಾಳೆ ನೋಡುವ ಮೊದಲು ಆ ಟಿಕ್ ನೋಡುತ್ತೇನೆ.

ಮೊನ್ನೆ ಮತ್ತೆ ಹಾಗೇ ಆಯಿತು. ಗೇಟಿನಲ್ಲಿ ಗಾಡಿ, ಪರದೆಯ ಮೇಲೆ ಗೋಳ. ಕೈ ನೇರ ಡಿವೈಸ್ ಮ್ಯಾನೇಜರಿಗೆ ಹೊರಟಿತ್ತು. ತಡೆದು ಮೊಬೈಲ್ ನೋಡಿದೆ, ಅದರಲ್ಲೂ ವೈಫೈ ಇಲ್ಲ. ಎದ್ದು ರೂಟರ್ ಹತ್ತಿರ ಹೋದರೆ, ಹಮಾಲರ ಹುಡುಗ ಯುಪಿಎಸ್ಸಿನಿಂದ ಅದರ ವೈರು ಕಿತ್ತು ತನ್ನ ಫೋನ್ ಚಾರ್ಜಿಗಿಟ್ಟು ಅಲ್ಲೇ ನಿಂತಿದ್ದ.

"ಐದೇ ಪರ್ಸೆಂಟ್ ಇತ್ತರಿ ಕಾಕಾ," ಅಂದ.