“ದುಡ್ಡು ಕಾಣಿಸ್ತಿಲ್ಲ ಅಣ್ಣ”

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ, ಅಂದರೆ ರೈತರ ಮಾಲು ಹರಾಜು ಹಾಕಿ ವ್ಯಾಪಾರಿಯಿಂದ ದುಡ್ಡು ವಸೂಲಿ ಮಾಡಿ ರೈತರಿಗೆ ಕೊಡುವ ಅಂಗಡಿಯಲ್ಲಿ, ನಾನು ಲೆಕ್ಕ ಬರೆಯುತ್ತೇನೆ. 11 ವರ್ಷ ಆಯಿತು. ಬೆಳಗ್ಗೆ ಹರಾಜು, ಮಧ್ಯಾಹ್ನ ಲೋಡಿಂಗ್, ಸಂಜೆಯಿಂದ ವಸೂಲಿ. ವಸೂಲಿ ಅಂದರೆ ಫೋನ್ ಹಿಡಿದುಕೊಂಡು ಮೆಸೇಜ್ ಹಾಕುತ್ತಾ ಕೂರುವುದು, ಅಷ್ಟೇ. ಮಾಲು ಎತ್ತಿದ ವ್ಯಾಪಾರಿ ದುಡ್ಡು ಹಾಕಿರುವುದಿಲ್ಲ. ಖಾಲಿ ಬಾಕ್ಸ್ ಒಯ್ದ ರೈತ ವಾಪಸ್ ತಂದಿರುವುದಿಲ್ಲ. ಲಾರಿ ಡ್ರೈವರ್ “ಅರ್ಧ ಗಂಟೆ” ಅಂದು ಮೂರು ಗಂಟೆ ಮಾಡಿರುತ್ತಾನೆ. ಎಲ್ಲರ ಮೇಲೂ ಸಿಟ್ಟು ಬರುತ್ತದೆ. ಆದರೆ ನಾಳೆ ಬೆಳಗ್ಗೆ ಇವರೇ ಬರಬೇಕು. ಇವರ ಜೊತೆಯಲ್ಲೇ ನಿಂತು ಟೀ ಕುಡಿಯಬೇಕು.

ಫೋನ್ ಮಾಡಿ ಮಾತಾಡಬಹುದಲ್ವಾ ಅಂತ ಕೇಳಬಹುದು. ಹರಾಜಿನ ಗಲಾಟೆಯಲ್ಲಿ ಯಾರೂ ಎತ್ತುವುದಿಲ್ಲ. ಬಾಕಿ ಇಟ್ಟವರು ಗಲಾಟೆ ಇಲ್ಲದಿದ್ದರೂ ಎತ್ತುವುದಿಲ್ಲ.

ನಾನು ಪಾಠ ಕಲಿತದ್ದು 2023ರ ಜುಲೈನಲ್ಲಿ. ಟೊಮೆಟೊಗೆ ಬಂಗಾರದ ಬೆಲೆ ಬಂದ ತಿಂಗಳು ಅದು. 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ರೈತರು ರಾತ್ರಿಯೆಲ್ಲ ತೋಟ ಕಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ಹೊರ ರಾಜ್ಯದ ಒಬ್ಬ ಹಳೇ ವ್ಯಾಪಾರಿಯ ಬಾಕಿ ನಾಲ್ಕು ದಿನ ನಿಂತಿತು. ರೈತರು ನನ್ನ ಮೇಜಿನ ಮುಂದೆಯೇ ಕೂತಿದ್ದರು. ರಾತ್ರಿ 11 ಗಂಟೆಗೆ ತಡೆಯಲಾರದೆ ಬರೆದೆ: “ದುಡ್ಡು ಕೊಡೋಕೆ ಆಗಲ್ಲ ಅಂದ್ರೆ ಮಾಲು ಯಾಕೆ ಎತ್ತಿದ್ರಿ ಪುಣ್ಯಾತ್ಮರೇ?” ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ.

ಬೆಳಗ್ಗೆ ಮಾಲೀಕರು ಕರೆದು ತಮ್ಮ ಫೋನ್ ತೋರಿಸಿದರು. ದುಡ್ಡು ಎರಡು ದಿನದ ಹಿಂದೆಯೇ ಬಂದಿತ್ತು, ಅವರ ಇನ್ನೊಂದು ಖಾತೆಗೆ.

ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಎರಡು ದಿನ ಚಿಲ್ಲರೆಯವರೆಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಅಳಿಸಿದೆ. ಆದರೆ ಅಳಿಸಿದ ಗುರುತು ಅಲ್ಲೇ ಉಳಿಯುತ್ತದಲ್ಲ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಮಾರ್ಕೆಟ್ ಪೂರ್ತಿ ಒಂದು ಸುತ್ತು ಹಾಕಿ ಬಂದಿತ್ತು. “ತಪ್ಪು ನಂದು ಅಣ್ಣ, ಖಾತೆ ಪೂರ್ತಿ ನೋಡದೆ ಬರೆದುಬಿಟ್ಟೆ” ಎಂದು ಬರೆದೆ. ಅದರ ಮುಂದೆ “ಆದ್ರೆ ನಾಲ್ಕು ದಿನ ಆಗಿತ್ತಲ್ಲ” ಅಂತ ಸೇರಿಸಲು ಬೆರಳು ತುರಿಸುತ್ತಿತ್ತು. ಸೇರಿಸಲಿಲ್ಲ. ಆದರೂ ಹದಿನೈದು ದಿನ ಆ ವ್ಯಾಪಾರಿ ನಮ್ಮ ಮಂಡಿಯ ಹರಾಜಿಗೆ ನಿಲ್ಲಲಿಲ್ಲ.

ಆ ಹದಿನೈದು ದಿನ ನನ್ನ ಮೆಸೇಜನ್ನು ಮನಸ್ಸಿನಲ್ಲೇ ಎಷ್ಟು ಸಲ ಓದಿಕೊಂಡೆನೋ. ಅದರಲ್ಲಿ ಒಂದು ಬೈಗುಳವೂ ಇರಲಿಲ್ಲ. ಬಹುವಚನ ಇತ್ತು, ಪುಣ್ಯಾತ್ಮ ಇತ್ತು, ನಮಸ್ಕಾರ ಇತ್ತು. ಹಾಳಾದ್ದು ಅದರಿಂದಲೇ. ನಮ್ಮ ಕಡೆ ಸಿಟ್ಟು ಏರಿದಂತೆ ಮರ್ಯಾದೆಯೂ ಏರುತ್ತದೆ. “ಅಲ್ಲ ಸ್ವಾಮಿ”, “ಏನ್ ಮಹಾರಾಯರೇ”, “ನಿಮಗೊಂದು ದೊಡ್ಡ ನಮಸ್ಕಾರ”. ಎದುರಿಗೆ ನಗುತ್ತಾ ಅಂದರೆ ತಮಾಷೆ. ಫೋನಿನ ಪರದೆ ಮೇಲೆ ನಗು ಕಾಣುವುದಿಲ್ಲ, ಚುಚ್ಚು ಮಾತ್ರ ಉಳಿಯುತ್ತದೆ. ಅವತ್ತಿನಿಂದ ಬಾಕಿ ಕೇಳುವಾಗ ಕೈಮುಗಿದ ಚಿತ್ರ ಹಾಕುವುದನ್ನು ಬಿಟ್ಟೆ. ಬೇಡಿಕೊಳ್ಳುತ್ತಿದ್ದೇನೋ, ಸಾಕಪ್ಪ ನಿನ್ನ ಸಹವಾಸ ಅನ್ನುತ್ತಿದ್ದೇನೋ ಅದರಿಂದ ಗೊತ್ತಾಗುವುದಿಲ್ಲ.

ಇನ್ನೊಂದು ತಪ್ಪು ನಿಧಾನಕ್ಕೆ ಹೊಳೆಯಿತು. “ಎತ್ತಿದ್ರಿ” ಅನ್ನುವಲ್ಲಿ “ನೀವು” ಅಡಗಿ ಕೂತಿದೆ. “ದುಡ್ಡು ಹಾಕಿಲ್ಲ ನೀವು” ಅಂದರೆ ನೇರ ಆರೋಪ. “ದುಡ್ಡು ಬಂದಿಲ್ಲ” ಅಂದರೆ ಸ್ವಲ್ಪ ಮೆತ್ತಗೆ. “ದುಡ್ಡು ಬಂದದ್ದು ಕಾಣಿಸ್ತಿಲ್ಲ” ಅಂದರೆ ತಪ್ಪು ನನ್ನ ಕಣ್ಣಿನದೂ ಇರಬಹುದು, ಬ್ಯಾಂಕಿನದೂ ಇರಬಹುದು. ಕನ್ನಡದಲ್ಲಿ ಯಾರು ಅಂತ ಹೇಳದೆಯೂ ಮಾತು ಪೂರ್ತಿಯಾಗುತ್ತದೆ. ಇಷ್ಟು ಒಳ್ಳೇ ಸೌಲಭ್ಯ ಕೈಯಲ್ಲಿದ್ದೂ ನಾನು ಬಳಸಿರಲಿಲ್ಲ. ಅವತ್ತು “ಕಾಣಿಸ್ತಿಲ್ಲ” ಅಂತ ಬರೆದಿದ್ದರೆ, ಇನ್ನೊಂದು ಖಾತೆಯ ಕಥೆ ಒಂದು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು.

ಈಗ ಮೊದಲ ಮೆಸೇಜ್ ಹೀಗಿರುತ್ತದೆ: “ಅಣ್ಣ, ಸೋಮವಾರದ 140 ಬಾಕ್ಸ್ ಲೆಕ್ಕ ಬರೀತಿದ್ದೆ. ದುಡ್ಡು ಬಂದದ್ದು ನನ್ನ ಪುಸ್ತಕದಲ್ಲಿ ಕಾಣಿಸ್ತಿಲ್ಲ. ರೈತರು ಗುರುವಾರ ಬರ್ತಾರೆ. ಅಷ್ಟರೊಳಗೆ ನೀವು ಹಾಕಿಸಿದ್ರೆ ನಂಗೆ ಒಂದು ತಲೆನೋವು ಕಡಿಮೆ.” “ನೀವು” ಬಂದಿರುವುದು ಕೊನೆಯಲ್ಲಿ, ಕೇಳಿಕೊಳ್ಳುವ ಜಾಗದಲ್ಲಿ ಮಾತ್ರ. ದೂರುವ ಜಾಗದಲ್ಲಿ ಇಲ್ಲ. ಜೊತೆಗೆ ಗುರುವಾರ ಅಂತ ಒಂದು ಗಡುವೂ ಇದೆ. ಅದು ಬೇಕೇ ಬೇಕು.

ಯಾಕೆ ಬೇಕು ಅಂದರೆ, ಆ ಸ್ಕ್ರೀನ್‌ಶಾಟ್ ಆದ ಮೇಲೆ ನಾನು ಹೆದರಿ ಸಕ್ಕರೆ ಆಗಿಬಿಟ್ಟಿದ್ದೆ. “ಬಿಡುವಾದಾಗ ಸ್ವಲ್ಪ ನೋಡಿ ಅಣ್ಣ” ಅಂತ ಎಲ್ಲರಿಗೂ ಹಾಕುತ್ತಿದ್ದೆ. ಒಬ್ಬರಿಗೆ ಮೂರು ತಿಂಗಳು ಬಿಡುವೇ ಆಗಲಿಲ್ಲ. ನನಗೆ ಸಂಕಟ ಆಗುತ್ತಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ, ಹೇಗೆ ಗೊತ್ತಾಗಬೇಕು? ಹಾಗಾಗಿ ಎರಡನೇ ಮೆಸೇಜಿನಲ್ಲಿ ಬೇಜಾರನ್ನು ಬಿಡಿಸಿಯೇ ಹೇಳುತ್ತೇನೆ. “ಗುರುವಾರ ರೈತರು ಬಂದಿದ್ರು ಅಣ್ಣ. ಬರಿಗೈಲಿ ಕಳಿಸಬೇಕಾಯ್ತು. ನಂಗೆ ತುಂಬಾ ಬೇಜಾರಾಯ್ತು.” “ಬೇಜಾರು ಮಾಡಿದ್ರಿ” ಅಂದಿದ್ದರೆ ಅವರು ವಾದಕ್ಕೆ ಇಳಿಯುತ್ತಿದ್ದರು. “ನಂಗೆ ಬೇಜಾರಾಯ್ತು” ಅನ್ನುವುದಕ್ಕೆ ಯಾರೂ “ಇಲ್ಲ, ಆಗಿಲ್ಲ” ಅನ್ನಲಾರರು.

“ದಯವಿಟ್ಟು” ಅಂತ ನಾನು ಬರೆಯುವುದೇ ಇಲ್ಲ. ಮಾರ್ಕೆಟ್‌ನಲ್ಲಿ ಬಾಯಿಬಿಟ್ಟು ಯಾರೂ ಅನ್ನದ ಮಾತು ಅದು. ಮೆಸೇಜಿನಲ್ಲಿ ಕಂಡರೆ ಬಸ್ಸಿನ ಬೋರ್ಡ್ ಓದಿದಂತೆ ಇರುತ್ತದೆ. “ಸ್ವಲ್ಪ” ಅಂದರೆ ಸಾಕು. “ಸ್ವಲ್ಪ ನೋಡಿ”, “ಸ್ವಲ್ಪ ಬೇಗ”. ಇನ್ನು “ಅಣ್ಣ” ಅನ್ನುವುದರ ಬೆಲೆ ಕೋಲಾರದವರಿಗೇ ಗೊತ್ತು. ಇಲ್ಲಿ ಹರಾಜಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡುತ್ತವೆ. ಮೂರರಲ್ಲೂ ಅಣ್ಣ ಅಣ್ಣನೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವರಿಗೂ ಬಾಕಿ ಇದ್ದಷ್ಟು ದಿನ ಅಣ್ಣ ಅನ್ನುತ್ತೇನೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದನ್ನೂ ಬಿಟ್ಟೆ. ಹಾಗೆ ಬರೆದರೆ “ಬರಲಾ”, “ಬರಲ್ಲ” ಎರಡೂ ಒಂದೇ ತರ ಕಾಣುತ್ತವೆ. ಒಬ್ಬ ಡ್ರೈವರ್ “ಬರಲಾ?” ಅಂತ ಕೇಳಿದ್ದನ್ನು ನಾನು “ಬರಲ್ಲ” ಅಂತ ಓದಿ, ಅವನಿಗೆ ಬೈದು, ಬೇರೆ ಗಾಡಿ ಗೊತ್ತು ಮಾಡಿ, ಕೊನೆಗೆ ಎರಡು ಗಾಡಿ ಬಂದು ನಿಂತವು.

ರಾತ್ರಿ ಬರೆದದ್ದನ್ನು ರಾತ್ರಿ ಕಳಿಸುವುದಿಲ್ಲ. ವಾಟ್ಸಾಪ್‌ನಲ್ಲಿ ನಮಗೆ ನಾವೇ ಮೆಸೇಜ್ ಹಾಕಿಕೊಳ್ಳಬಹುದು, 2022ರ ಕೊನೆಗೆ ಬಂದ ಸೌಲಭ್ಯ. ಸಿಟ್ಟೆಲ್ಲ ಅಲ್ಲಿಗೆ. ಅಲ್ಲಿ ಪುಣ್ಯಾತ್ಮರೂ ಇದ್ದಾರೆ, ಮಹಾರಾಯರೂ ಇದ್ದಾರೆ, ಇಲ್ಲಿ ಬರೆಯಲಾಗದವರೂ ಇದ್ದಾರೆ. ಬೆಳಗ್ಗೆ ಓದಿದರೆ ಅರ್ಧಕ್ಕರ್ಧ ಬೇಡ ಅನ್ನಿಸುತ್ತದೆ. ಉಳಿದದ್ದನ್ನು ತಿದ್ದಿ ಕಳಿಸುತ್ತೇನೆ. ವಾಯ್ಸ್ ಮೆಸೇಜ್ ಮಾತ್ರ ಕಳಿಸುವುದಿಲ್ಲ. ಮಾತು ಎಷ್ಟೇ ಮೆತ್ತಗಿದ್ದರೂ ನನ್ನ ಗಂಟಲು ಗುಟ್ಟು ಬಿಟ್ಟುಕೊಡುತ್ತದೆ.

ಇಷ್ಟೆಲ್ಲ ಮಂಡಿಯಲ್ಲಿ. ಮನೆಯವರ ಜೊತೆ ನಾನಿನ್ನೂ ದಡ್ಡನೇ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸರದಿ ತಂಗಿಯದಿತ್ತು. ಅವಳು ಆಗಲ್ಲ ಅಂದಳು. ನಾನು “ಆಯ್ತು ಬಿಡು” ಅಂತ ಹಾಕಿದೆ. ಎರಡೇ ಪದ. ಕನ್ನಡದಲ್ಲಿ ಇದಕ್ಕಿಂತ ಖಾರದ ಎರಡು ಪದ ಇಲ್ಲ ಅಂತ ಆಮೇಲೆ ತಿಳಿಯಿತು. ಒಂದೂವರೆ ತಿಂಗಳು ಅವಳು ನನ್ನ ಹತ್ತಿರ ಮಾತಾಡಲಿಲ್ಲ. “ನಂಗೂ ಅವತ್ತು ರಜೆ ಸಿಗಲ್ಲ ಕಣೆ, ಏನ್ ಮಾಡೋಣ ಹೇಳು” ಅಂದಿದ್ದರೆ ಆಗುತ್ತಿತ್ತು.

ಬಾಕ್ಸ್‌ಗಳ ವಿಷಯ ಹೇಳಲೇ ಇಲ್ಲ. ನಮ್ಮ 40 ಖಾಲಿ ಬಾಕ್ಸ್ ಒಬ್ಬ ರೈತರ ಮನೆಯಲ್ಲಿ ಹೋದ ಬೆಳೆಯಿಂದ ಕೂತಿವೆ. ಕೋಳಿ ಕೂಡಿಹಾಕಲು ಬಳಸುತ್ತಿದ್ದಾರೆ ಅಂತ ಸುದ್ದಿ. ನಿನ್ನೆ ಬೆಳಗ್ಗೆ ಬರೆದೆ: “ಅಣ್ಣ, 40 ಬಾಕ್ಸ್ ವಾಪಸ್ ಬಂದದ್ದು ಲೆಕ್ಕದಲ್ಲಿ ಕಾಣಿಸ್ತಿಲ್ಲ. ಶನಿವಾರದೊಳಗೆ ಸಿಕ್ಕಿದ್ರೆ ಅನುಕೂಲ.” ತಕ್ಷಣ ನೀಲಿ ಗೆರೆ ಬಿತ್ತು. ಉತ್ತರವೂ ಬಂತು, ಬಹಳ ಮರ್ಯಾದೆಯಿಂದ: “ಈ ಬೆಳೆ ಹಣ್ಣು ತುಂಬ್ಕೊಂಡೇ ತಂದಾಕ್ತೀನಿ ಅಣ್ಣ, ಟೆನ್ಷನ್ ತಗೋಬೇಡಿ.”

ಅವರು ಸಸಿ ನಾಟಿ ಮಾಡಿದ್ದು ಹೋದ ವಾರ.