ತೆಗೆದವರು ಯಾರು, ಏಕೆ? ಮಲೆನಾಡಿನಲ್ಲಿ ನಮ್ಮದೇ ಚರ್ಚಾತಾಣ ನಡೆಸುತ್ತಿರುವ ಅನುಭವ

ಹೊಸನಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿಗೆ ಹೊಂದಿಕೊಂಡಿರುವ ನಮ್ಮ ಭಾಗದ ಅಡಿಕೆ ಬೆಳೆಗಾರರು, ಶಾಲಾ ಶಿಕ್ಷಕರು ಮತ್ತು ಹಾಲಿನ ಡೈರಿಯ ಸದಸ್ಯರು ಸೇರಿ ನಡೆಸುತ್ತಿರುವ ಚರ್ಚಾತಾಣವೊಂದರ ತಾಂತ್ರಿಕ ಹೊಣೆ ನನ್ನದು. ಬೆಂಗಳೂರಿನಲ್ಲಿ ಸರ್ವರ್ ನಿರ್ವಹಣೆಯ ಕೆಲಸ ಮಾಡಿಕೊಂಡಿದ್ದ ನಾನು 2020ರ ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ಬಂದು, ತೋಟ ನೋಡಿಕೊಳ್ಳುತ್ತ ಇಲ್ಲಿಯೇ ನೆಲೆನಿಂತೆ. ತಂತ್ರಜ್ಞಾನದ ಮೇಲೆ ಕಂಪನಿಗಳ ಹಿಡಿತ ಹೆಚ್ಚಬೇಕೋ ಸರ್ಕಾರದ ಹಿಡಿತ ಹೆಚ್ಚಬೇಕೋ ಎಂಬ ವಾದ ದೆಹಲಿಯಲ್ಲೂ ಬೆಂಗಳೂರಿನಲ್ಲೂ ನಡೆಯುತ್ತಲೇ ಇದೆ. ಈ ತಾಣವನ್ನು ಕಟ್ಟಿ ನಡೆಸಿದ ಮೇಲೆ ನನಗೆ ಮನವರಿಕೆಯಾದ ಸಂಗತಿಯೆಂದರೆ, ಹಿಡಿತ ಯಾರದೇ ಇರಲಿ, ಒಬ್ಬರ ಮಾತನ್ನು ತೆಗೆಯುವ ಅಧಿಕಾರ ಉಳ್ಳವರು ಅದರ ಕಾರಣವನ್ನು ಬರೆದಿಟ್ಟು, ಕೇಳಿದವರಿಗೆ ತೋರಿಸಬೇಕು. ಕಂಪನಿಗೂ ಸರ್ಕಾರಕ್ಕೂ ಪಕ್ಷಗಳಿಗೂ ನಮಗೂ ಈ ಒಂದು ಅಳತೆ ಸಮಾನವಾಗಿ ಅನ್ವಯಿಸುತ್ತದೆ.

ಇದು ಶುರುವಾದದ್ದು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಪ್ರಶ್ನೆಯಿಂದ. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಜಿಲ್ಲೆಯಾದ್ಯಂತ ವಿರೋಧ ವ್ಯಕ್ತವಾಗಿ, ಜುಲೈ 10ರಂದು ಶಿವಮೊಗ್ಗ ಜಿಲ್ಲಾ ಬಂದ್ ನಡೆಯಿತು. ಆ ದಿನಗಳಲ್ಲಿ ನಾವು ಕೆಲವರು ದೊಡ್ಡ ಜಾಲತಾಣವೊಂದರಲ್ಲಿ ಪುಟ ತೆರೆದು ನಕ್ಷೆಗಳನ್ನೂ ಹಳೆಯ ಫೋಟೋಗಳನ್ನೂ ಹಾಕುತ್ತಿದ್ದೆವು. ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಮುಳುಗಿ ಎದ್ದುಬಂದ ಕುಟುಂಬಗಳ ಹಿರಿಯರು ಆ ಫೋಟೋಗಳ ಕೆಳಗೆ ತಮ್ಮ ನೆನಪುಗಳನ್ನು ಮೊಮ್ಮಕ್ಕಳ ಕೈಯಲ್ಲಿ ಬರೆಸಿದ್ದರು. ಯಾವ ಊರಿನ ದೇವಸ್ಥಾನ ಎಲ್ಲಿತ್ತು, ಪರಿಹಾರವೆಂದು ಎಷ್ಟು ಬಂತು, ಲಾರಿಯಲ್ಲಿ ಸಾಮಾನು ಹೇರಿಕೊಂಡು ಎಲ್ಲಿಗೆ ಹೋದರು ಎಂಬ ವಿವರಗಳು ಬೇರೆಲ್ಲೂ ದಾಖಲಾಗಿರಲಿಲ್ಲ. ಒಂದು ಬೆಳಿಗ್ಗೆ ಆ ಪುಟವೇ ಇರಲಿಲ್ಲ. ಸಮುದಾಯದ ನಿಯಮಗಳಿಗೆ ವಿರುದ್ಧವಾಗಿದೆ ಎಂಬ ಎರಡು ಸಾಲಿನ ಸಂದೇಶ ಬಂದಿತ್ತು, ಯಾವ ನಿಯಮ, ಯಾವ ಬರಹ ಎಂಬುದಿರಲಿಲ್ಲ. ಮರುಪರಿಶೀಲನೆಗೆ ಕೋರುವ ಗುಂಡಿಯನ್ನು ಒತ್ತಿದ್ದಕ್ಕೆ ಇಂದಿನವರೆಗೂ ಉತ್ತರವಿಲ್ಲ. ಆ ನೆನಪುಗಳನ್ನು ಬರೆಸಿದವರಲ್ಲಿ ಕೆಲವರು ಈಗ ಇಲ್ಲವಾದ್ದರಿಂದ, ಮತ್ತೆ ಕೇಳಿ ಬರೆದುಕೊಳ್ಳುವ ದಾರಿಯೂ ಮುಚ್ಚಿಹೋಗಿದೆ.

ಅಲ್ಲಿಂದ ಚರ್ಚೆ ಮೊಬೈಲ್ ಸಂದೇಶದ ಗುಂಪುಗಳಿಗೆ ಹೋಯಿತು. ಅಲ್ಲಿ ಎದುರಾದದ್ದು ಬೇರೆ ಬಗೆಯ ಹಿಡಿತ. ಚುನಾವಣೆ ಹತ್ತಿರ ಬಂದಂತೆಲ್ಲ ಗುಂಪಿನ ಅಡ್ಮಿನ್ ಸ್ಥಾನ ಒಂದೊಂದಾಗಿ ಪಕ್ಷಗಳ ಕಾರ್ಯಕರ್ತರ ಕೈಸೇರಿ, ರಸ್ತೆಯ ಗುಂಡಿ, ಸೊಸೈಟಿಯ ಸಾಲ, ಅಡಿಕೆಯ ಎಲೆಚುಕ್ಕಿ ರೋಗ ಎಂದು ಕೇಳಿದವರನ್ನು ರಾತ್ರೋರಾತ್ರಿ ಗುಂಪಿನಿಂದ ಹೊರಗೆ ಹಾಕಲಾಗುತ್ತಿತ್ತು. ಯಾವುದೇ ಒಂದು ಪಕ್ಷವನ್ನು ಗುರಿಯಾಗಿಸಿ ನಾನು ಇದನ್ನು ಹೇಳುತ್ತಿಲ್ಲ. ಅಡ್ಮಿನ್ ಆದವರೆಲ್ಲ ಮಾಡಿದ್ದು ಇದನ್ನೇ. ಸುಳ್ಳು ಸುದ್ದಿಗಳ ಹಾವಳಿಯ ನಂತರ ವಾಟ್ಸಾಪ್ 2018ರಲ್ಲಿ ಭಾರತದ ಬಳಕೆದಾರರು ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು, 2020ರಲ್ಲಿ ಹಲವು ಕೈ ದಾಟಿದ ಸಂದೇಶಗಳಿಗೆ ಅದನ್ನು ಒಂದಕ್ಕೆ ಇಳಿಸಿತು. ಆ ಕ್ರಮಗಳಿಂದ ಒಳ್ಳೆಯದಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಕೋಟ್ಯಂತರ ಜನ ಹೇಗೆ ಮಾತನಾಡಬೇಕು ಎಂಬ ತೀರ್ಮಾನ ಒಂದು ಕಂಪನಿಯ ಕಚೇರಿಯಲ್ಲಿ ಆಗುತ್ತದೆ ಮತ್ತು ನಾಳೆ ಮಾಲೀಕರು ಬದಲಾದರೆ ಅದು ಹಾಗೆಯೇ ಬದಲಾಗಬಹುದು. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ 4,400 ಕೋಟಿ ಡಾಲರ್‌ಗೆ ಎಲಾನ್ ಮಸ್ಕ್ ಅವರ ಪಾಲಾದ ಮೇಲೆ ಹೆಸರಿನಿಂದ ಹಿಡಿದು ನಿಯಮಗಳವರೆಗೆ ಎಲ್ಲವೂ ಬದಲಾದದ್ದನ್ನು ಲೋಕವೇ ನೋಡಿದೆ.

ಸರ್ಕಾರದ ಕಡೆಯನ್ನು ಅರಿಯಲು ನಾನು ಕಾನೂನನ್ನು ಓದಬೇಕಾಯಿತು. ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿತು. ಆದರೆ ಜಾಲತಾಣಗಳನ್ನು ತಡೆಹಿಡಿಯುವ ಅಧಿಕಾರ ನೀಡುವ 69ಎ ಕಲಮನ್ನು ಅದೇ ತೀರ್ಪು ಎತ್ತಿಹಿಡಿಯಿತು. ತಡೆಯುವ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು, ಆದ್ದರಿಂದ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಾಧ್ಯ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆಗಳಲ್ಲೊಂದು. ತೊಡಕಿರುವುದು ಆ ಕಲಮಿನ ಜಾರಿಗೆಂದು ಮಾಡಿದ 2009ರ ನಿಯಮಾವಳಿಯಲ್ಲಿ. ಅದರ 16ನೇ ನಿಯಮದ ಪ್ರಕಾರ ದೂರುಗಳನ್ನೂ ಅವುಗಳ ಮೇಲಿನ ಕ್ರಮವನ್ನೂ ಗೋಪ್ಯವಾಗಿಡಬೇಕು. ಕಾರಣವನ್ನು ಬರೆದಿಟ್ಟರೂ ಯಾರ ಮಾತನ್ನು ತಡೆಯಲಾಯಿತೋ ಅವರ ಕೈಗೇ ಅದು ಸಿಗದಿದ್ದರೆ, ಬರೆದಿಟ್ಟದ್ದರ ಉದ್ದೇಶ ನೆರವೇರುವುದಿಲ್ಲ. ಖಾತೆದಾರರಿಗೆ ನೋಟಿಸ್ ಕೊಡದೆ ತಡೆಹಿಡಿಯುವುದನ್ನು ಪ್ರಶ್ನಿಸಿ ಟ್ವಿಟರ್ ಕಂಪನಿ ಹೂಡಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2023ರ ಜೂನ್ 30ರಂದು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿತು. ಇಲ್ಲಿ ಕಂಪನಿ ಸರಿಯೋ ಸರ್ಕಾರ ಸರಿಯೋ ಎಂದು ವಾದಿಸುವವರು ಬಹಳ; ನನ್ನ ಚಿಂತೆಯೆಲ್ಲ ಆ ಖಾತೆಯಲ್ಲಿ ಬರೆದವನ ಕುರಿತು. ಎರಡು ದೊಡ್ಡ ಶಕ್ತಿಗಳ ವ್ಯಾಜ್ಯದಲ್ಲಿ ಅವನಿಗೆ ಯಾರೂ ಕಾಗದ ಬರೆಯಲಿಲ್ಲ.

ಈ ತೀರ್ಪು ಬರುವ ಮೊದಲೇ, ಪುಟವನ್ನೂ ಗುಂಪುಗಳನ್ನೂ ಕಳೆದುಕೊಂಡ ಹಿನ್ನೆಲೆಯಲ್ಲಿ ನಾವು ಕೆಲಸ ಆರಂಭಿಸಿದ್ದೆವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು. ಮೊದಲು ಸಂಘ ನೋಂದಾಯಿಸಿ, ಅನಂತರ ಜಾಲತಾಣದ ವಿಳಾಸವನ್ನು ಸಂಘದ ಹೆಸರಿನಲ್ಲಿ ಪಡೆದೆವು. ಈ ಕ್ರಮವನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ವಿಳಾಸವು ಒಬ್ಬ ಉತ್ಸಾಹಿ ಹುಡುಗನ ಹೆಸರಿನಲ್ಲಿದ್ದರೆ ತಾಣದ ಒಡೆತನವೂ ಅವನದೇ ಆಗುತ್ತದೆ. ಅವನು ಪಕ್ಷವೊಂದಕ್ಕೆ ಸೇರಿದರೆ ಅಥವಾ ಊರು ಬಿಟ್ಟರೆ ಉಳಿದವರಿಗೆ ಏನೂ ಉಳಿಯುವುದಿಲ್ಲ. ತಂತ್ರಾಂಶಕ್ಕೆ ಪಿಎಚ್‌ಪಿಬಿಬಿ ಎಂಬ ಹಳೆಯ, ಮುಕ್ತ ತಂತ್ರಾಂಶವನ್ನು ಆರಿಸಿಕೊಂಡೆ. ಇದಕ್ಕಿಂತ ಚೆಂದ ಕಾಣುವ ಹೊಸ ತಂತ್ರಾಂಶಗಳಿವೆ, ಆದರೆ ಅವುಗಳ ಪುಟಗಳು ತೂಕದವು. ಹಿನ್ನೀರಿನ ಆಚೀಚೆಯ ಊರುಗಳವರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಅಭಿಯಾನ ನಡೆಸಿದ ಸೀಮೆ ಇದು. ಗುಡ್ಡ ಹತ್ತಿದರೆ ಮಾತ್ರ ಒಂದು ಕಡ್ಡಿ ಸಿಗ್ನಲ್ ಬರುವಲ್ಲಿ ಪುಟವು ತೆರೆಯುವುದೇ ಇಲ್ಲವಾದರೆ ಮಾತಿನ ಸ್ವಾತಂತ್ರ್ಯದಿಂದ ಏನು ಪ್ರಯೋಜನ? ಆದ್ದರಿಂದ ಅಲಂಕಾರವನ್ನೆಲ್ಲ ತೆಗೆದುಹಾಕಿ, ಫೋಟೋಗಳು ತಾವಾಗಿಯೇ ಸಣ್ಣದಾಗುವಂತೆ ಮಾಡಿ, ಗುಂಡಿಗಳ ಮೇಲಿನ ಮಾತುಗಳನ್ನು ಕನ್ನಡಕ್ಕೆ ತಂದೆವು.

ಸರ್ವರನ್ನು ಮನೆಯಲ್ಲೇ ಇಡುವ ಆಸೆ ನನಗಿತ್ತು. ಆದರೆ ಆಷಾಢದ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟು ಬರುವುದು ಯಾವಾಗ ಎಂದು ಲೈನ್‌ಮನ್ ಕೂಡ ಹೇಳಲಾರ. ಹಾಗಾಗಿ ದೇಶದೊಳಗಿನ ಡೇಟಾ ಕೇಂದ್ರವೊಂದರಲ್ಲಿ ಬಾಡಿಗೆಗೆ ಜಾಗ ಹಿಡಿದೆವು. ಬಾಡಿಗೆ ಕೊಡುವವರೂ ಕಂಪನಿಯೇ, ಅವರೂ ಒಂದು ದಿನ ಬಾಗಿಲು ಹಾಕಬಹುದು. ಅದಕ್ಕಾಗಿ ಪ್ರತಿ ಭಾನುವಾರ ಇಡೀ ತಾಣದ ಪ್ರತಿಯನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ, ಅದನ್ನು ಸಂಘದ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಮತ್ತೆ ತೆರೆದು ನೋಡುತ್ತೇವೆ. ತೆರೆದು ನೋಡದ ಪ್ರತಿಯನ್ನು ನಂಬಬಾರದು ಎಂಬುದು ಈ ವೃತ್ತಿಯಲ್ಲಿ ಕಲಿತದ್ದು. ಮುಖ್ಯ ಪಾಸ್‌ವರ್ಡ್ ನನ್ನೊಬ್ಬನ ಕೈಯಲ್ಲೇ ಉಳಿಯದಂತೆ ನೋಡಿಕೊಂಡಿದ್ದೇವೆ. ಅದನ್ನು ಬರೆದಿಟ್ಟು ಅರಗು ಹಾಕಿದ ಲಕೋಟೆಯೊಂದು ಅಧ್ಯಕ್ಷರಲ್ಲಿ, ಇನ್ನೊಂದು ಖಜಾಂಚಿಯವರಲ್ಲಿ ಇದೆ.

ಎಲ್ಲರೂ ಮೊಬೈಲಿನಲ್ಲಿ ಇಂಟರ್‌ನೆಟ್ ನೋಡುವವರಲ್ಲ. ಹೊಸ ಚರ್ಚೆಗಳ ಸಾರವನ್ನು ಎಸ್ಸೆಮ್ಮೆಸ್ ಮೂಲಕ ಕಳಿಸಬೇಕೆಂದು ಹೊರಟಾಗ ಇನ್ನೊಂದು ಗೋಡೆ ಎದುರಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮಗಳ ಪ್ರಕಾರ ಗುಂಪಾಗಿ ಸಂದೇಶ ಕಳಿಸುವವರು ನೋಂದಣಿ ಮಾಡಿಸಿ, ಸಂದೇಶದ ಮಾದರಿ ವಾಕ್ಯಕ್ಕೂ ಮೊದಲೇ ಒಪ್ಪಿಗೆ ಪಡೆದಿರಬೇಕು. ವಂಚನೆಯ ಕರೆ, ಸಂದೇಶಗಳ ಕಾಟವನ್ನು ತಿಳಿದವರಿಗೆ ಈ ನಿಯಮದ ಅಗತ್ಯ ಅರ್ಥವಾಗುತ್ತದೆ. ಆದರೆ ಬ್ಯಾಂಕಿಗೆ ಹೊಂದುವ ಈ ವ್ಯವಸ್ಥೆಯು ದಿನಕ್ಕೊಂದು ವಿಷಯ ಮಾತನಾಡುವ ಊರಿಗೆ ಹೊಂದುವುದಿಲ್ಲ. ಕೊನೆಗೆ ನಾವು ಕಾಗದಕ್ಕೇ ಬಂದೆವು. ವಾರದ ಚರ್ಚೆಯ ಸಾರವನ್ನು ಒಂದು ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಡೈರಿಯಲ್ಲೂ ಸೊಸೈಟಿಯ ಜಗಲಿಯಲ್ಲೂ ಅಂಟಿಸುತ್ತೇವೆ. ಬೆಳಿಗ್ಗೆ ಹಾಲು ಹಾಕಲು ಬಂದವರು ಅದನ್ನು ಓದುತ್ತಾರೆ, ಓದಲು ಬಾರದವರಿಗೆ ಯಾರಾದರೂ ಓದಿ ಹೇಳುತ್ತಾರೆ, ಅವರು ಹೇಳಿದ ಉತ್ತರವನ್ನು ಡೈರಿಯ ಕಾರ್ಯದರ್ಶಿಗಳು ಬರೆದುಕೊಂಡು ತಾಣಕ್ಕೆ ಸೇರಿಸುತ್ತಾರೆ.

ಈ ವ್ಯವಸ್ಥೆಯ ಬೆಲೆ ತಿಳಿದದ್ದು 2022ರಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗದಲ್ಲಿ ಆಮದು ಮಾಡುವಂತಿಲ್ಲ ಎಂಬ ಮಿತಿ) ಷರತ್ತಿಲ್ಲದೆ ತರಿಸಿಕೊಳ್ಳಲು ಅನುಮತಿ ನೀಡಿತು. ಗುಂಪುಗಳಲ್ಲಿ ಆ ಸಂಖ್ಯೆ ದಿನದಿಂದ ದಿನಕ್ಕೆ ಬೆಳೆಯುತ್ತ ಲಕ್ಷಗಳಿಗೆ ಹೋಯಿತು. ಇನ್ನೊಂದು ಬಣ ಅಂಥ ಆದೇಶವೇ ಇಲ್ಲ, ಎಲ್ಲ ವಿರೋಧಿಗಳ ಸೃಷ್ಟಿ ಎಂದಿತು. ಹೆದರಿದ ಕೆಲವರು ರಾಶಿ ಇಡಿ ಎಂಬ ಬಗೆಯ ಅಡಿಕೆಯನ್ನು ಸಿಕ್ಕ ಬೆಲೆಗೆ ಮಾರಲು ಹೊರಟಿದ್ದರು. ಡೈರಿಯ ಮುಂದೆ ಹಿರಿಯರೊಬ್ಬರು, “ಅಲ್ಲ ಮಾರಾಯ, ಇವರು ಅಂದದ್ದು, ಅವರು ಅಂದದ್ದು ಬೇಡ. ಸರ್ಕಾರ ಎಂತ ಬರೆದಿದೆ, ಅದನ್ನು ಓದು” ಎಂದರು. ಅಧಿಸೂಚನೆಯ ಪೂರ್ಣ ಪಾಠವನ್ನು ಕನ್ನಡಕ್ಕೆ ತಂದು, ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಡಿಕೆ ಬೆಳೆಯುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದು ಹಾಳೆ ಅಂಟಿಸಿದೆವು. ಆಮದಿನ ವಿರೋಧ ಅದರಿಂದ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಆದರೆ ವಿರೋಧಿಸಿದವರೂ ಸಮರ್ಥಿಸಿದವರೂ ಒಂದೇ ಸಂಖ್ಯೆಯನ್ನು ಹಿಡಿದು ಮಾತನಾಡಿದರು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗಲೂ ಹೀಗೆಯೇ ಮಾಡಿದೆವು.

ತೆಗೆಯುವ ಅಧಿಕಾರ ನಮ್ಮ ಕೈಗೂ ಬಂದಿದೆಯಲ್ಲ, ಅದಕ್ಕೆಂದು ರಟ್ಟಿನ ಹೊದಿಕೆಯ ಲೆಡ್ಜರ್ ಒಂದನ್ನು ಇಟ್ಟಿದ್ದೇವೆ. ಬರಹವನ್ನು ತೆಗೆಯುವಾಗ ಮೂವರು ಸಹಿ ಹಾಕಬೇಕು. ಯಾರು ಕೇಳಿದರು, ಯಾವ ನಿಯಮ, ಬರೆದವರಿಗೆ ತಿಳಿಸಿದ ದಿನ ಯಾವುದು ಎಂಬ ಅಂಕಣಗಳಿವೆ. ಮಂಗನ ಕಾಯಿಲೆ ಕಾಣಿಸಿಕೊಂಡ ಒಂದು ಬೇಸಿಗೆಯಲ್ಲಿ ರೋಗಿಯೊಬ್ಬರ ಹೆಸರಿದ್ದ ರಕ್ತಪರೀಕ್ಷೆಯ ವರದಿಯನ್ನು ಯಾರೋ ತಾಣಕ್ಕೆ ಹಾಕಿದ್ದರು. ಅದನ್ನು ತೆಗೆದ ಬಗ್ಗೆ ಲೆಡ್ಜರ್‌ನಲ್ಲಿ, “ರೋಗಿಯ ಒಪ್ಪಿಗೆ ಇಲ್ಲ. ಕಾಯಿಲೆ ಬಂದ ಊರಿನ ಮಾಹಿತಿಯನ್ನು ಉಳಿಸಿಕೊಳ್ಳಲಾಗಿದೆ, ಹೆಸರನ್ನು ಮಾತ್ರ ತೆಗೆಯಲಾಗಿದೆ” ಎಂದಿದೆ.

ಇನ್ನೊಂದು ಸಲ ಕುಡಿಯುವ ನೀರಿನ ಪೈಪ್‌ಲೈನ್ ಕಾಮಗಾರಿಯ ಕುರಿತ ದೂರೊಂದು ಸ್ಥಳೀಯ ಮುಖಂಡರಿಗೆ ಇರಿಸುಮುರಿಸು ತಂದಿತ್ತು. ಸಂಜೆ ಇಬ್ಬರು ಯುವಕರು ಬಂದು, “ಅಣ್ಣ, ಅದೊಂದನ್ನು ತೆಗೆದುಬಿಡಿ, ನಮ್ಮವರಿಗೆ ಬೇಜಾರಾಗಿದೆ” ಎಂದರು. ನಾನು ಲೆಡ್ಜರನ್ನು ಅವರ ಮುಂದಿಟ್ಟು, “ತೆಗೆಯಿರಿ ಅಂತ ಇದರಲ್ಲಿ ಬರೆದು ಸಹಿ ಹಾಕಿ, ಸಮಿತಿ ನೋಡುತ್ತದೆ” ಎಂದೆ. ಒಬ್ಬ ಪೆನ್ನು ತೆಗೆದುಕೊಂಡು, ಮೇಲಿನ ನಾಲ್ಕೈದು ದಾಖಲೆಗಳನ್ನು ಓದಿ, ಪೆನ್ನನ್ನು ಕೆಳಗಿಟ್ಟ. ಮರುದಿನ ಮುಖಂಡರೇ ಒಂದು ಸ್ಪಷ್ಟೀಕರಣ ಬರೆದು ಕಳಿಸಿದರು. ಅದು ದೂರಿಗಿಂತ ದೀರ್ಘವಾಗಿತ್ತು, ದೂರಿನಲ್ಲಿಲ್ಲದ ಕೆಲವು ನಿಜಾಂಶಗಳೂ ಅದರಲ್ಲಿದ್ದವು. ದೂರಿನ ಕೆಳಗೇ ಅದನ್ನು ಪ್ರಕಟಿಸಿ ವಾರದ ಹಾಳೆಯಲ್ಲೂ ಹಾಕಿದೆವು.

ಸ್ವಂತ ತಾಣ ಎಂದ ಮಾತ್ರಕ್ಕೆ ಕಾನೂನಿನ ಹೊರಗೆ ಇದ್ದೇವೆ ಎಂದು ಯಾರೂ ಭಾವಿಸಬಾರದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ 50 ಲಕ್ಷ ಬಳಕೆದಾರರನ್ನು ಮೀರಿದ ಕಂಪನಿಗಳಿಗೆ ಹೆಚ್ಚಿನ ಕಟ್ಟಳೆಗಳಿದ್ದರೂ, ದೂರು ಸ್ವೀಕರಿಸುವ ಅಧಿಕಾರಿಯೊಬ್ಬರನ್ನು ನೇಮಿಸುವ ಹೊಣೆ ನಮ್ಮಂಥ ಸಣ್ಣವರಿಗೂ ಇದೆ. ನಿವೃತ್ತ ಶಿಕ್ಷಕಿಯೊಬ್ಬರು ನಮ್ಮಲ್ಲಿ ಆ ಕೆಲಸ ನೋಡುತ್ತಾರೆ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್‌ನ ನಿರ್ದೇಶನದಂತೆ ಸರ್ವರಿನ ಲಾಗ್‌ಗಳನ್ನು, ಅಂದರೆ ಅದರ ಚಟುವಟಿಕೆಯ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳುತ್ತೇವೆ, 181ನೆಯ ದಿನ ಅವು ತಾವಾಗಿ ಅಳಿಸಿಹೋಗುವಂತೆ ಏರ್ಪಾಡು ಮಾಡಿದ್ದೇನೆ.

ಈಗ ನಮ್ಮ ಮುಂದಿರುವ ಪ್ರಶ್ನೆ ಹೆಸರು ಮರೆಮಾಚಿ ಬರೆಯುವವರದು. ಬಗರ್‌ಹುಕುಂ ಜಮೀನಿನವರು, ನೀರನ್ನು ಮೇಲೆತ್ತಿ ಮತ್ತೆ ಹರಿಸಿ ವಿದ್ಯುತ್ ತಯಾರಿಸುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಮಾತನಾಡುವ ಸಂತ್ರಸ್ತ ಕುಟುಂಬಗಳವರು ಹೆಸರು ಹಾಕಲು ಹಿಂಜರಿಯುತ್ತಾರೆ. ಸಂಘದಲ್ಲಿ ಕೆಲವರು, ಸದಸ್ಯರ ನಿಜವಾದ ಹೆಸರು ಮತ್ತು ಫೋನ್ ನಂಬರ್ ಸಮಿತಿಯ ಬಳಿಯಾದರೂ ಇರಬೇಕು, ಇಲ್ಲದಿದ್ದರೆ ಚಾಡಿಕೋರರಿಗೆ ಹಬ್ಬವಾಗುತ್ತದೆ ಎನ್ನುತ್ತಾರೆ. ಆ ಆತಂಕ ಸುಳ್ಳಲ್ಲ. ಆದರೆ ಅಂಥ ಪಟ್ಟಿ ಇದ್ದರೆ ಅದನ್ನು ಕೇಳುವವರು ಬಂದೇ ಬರುತ್ತಾರೆ, ಆಗ ಕೊಡುವುದಿಲ್ಲ ಎನ್ನಲು ನಮ್ಮಲ್ಲಿ ಶಕ್ತಿಯಿರುವುದಿಲ್ಲ. ಅಡ್ಡಹೆಸರಿನಲ್ಲಿ ಬಂದ ಬರಹವನ್ನು ಮೂವರು ಓದಿದ ಮೇಲೆಯೇ ಪ್ರಕಟಿಸೋಣ, ಹಿಡಿದಿಟ್ಟರೆ ಕಾರಣವನ್ನು ಲೆಡ್ಜರ್‌ನಲ್ಲಿ ಬರೆಯೋಣ, ಫೋನ್ ನಂಬರ್ ಮಾತ್ರ ಕೇಳುವುದು ಬೇಡ ಎಂಬ ಠರಾವನ್ನು ಮುಂದಿನ ವಾರ್ಷಿಕ ಮಹಾಸಭೆಗೆ ನಾನು ಬರೆದು ಕೊಟ್ಟಿದ್ದೇನೆ. ಅದರ ಪ್ರತಿ ಈ ವಾರದ ಹಾಳೆಯ ಹಿಂಬದಿಯಲ್ಲಿದೆ. ವಿರೋಧಿಸುವವರ ಟಿಪ್ಪಣಿಯನ್ನು ಬರುವ ವಾರದ ಹಾಳೆಯಲ್ಲಿ ಅಷ್ಟೇ ಜಾಗ ಕೊಟ್ಟು ಅಚ್ಚು ಹಾಕುತ್ತೇವೆ.