ಹೆಲಿಕಾಪ್ಟರ್ ಕೊಳ್ಳುವ ಮುಂಚೆ ಅದರ ಬಾಲ ನೋಡಿ

ಸಿದ್ಧೇಶ್ವರ ಜಾತ್ರೆ ಬಂತೆಂದರೆ, ಇಲ್ಲ ಬೇಸಿಗೆ ರಜೆ ಬಂತೆಂದರೆ ವಿಜಯಪುರದ ಆಟಿಕೆ ಅಂಗಡಿಗಳಲ್ಲಿ ರಿಮೋಟ್ ಹೆಲಿಕಾಪ್ಟರ್ ಡಬ್ಬಿಗಳು ಮುಂದಿನ ಸಾಲಿಗೆ ಬಂದು ಕೂಡುತ್ತವೆ. ಐದುನೂರಕ್ಕೂ ಸಿಗುತ್ತದೆ, ಎರಡು ಸಾವಿರಕ್ಕೂ ಸಿಗುತ್ತದೆ. ಡಬ್ಬಿ ಮೇಲಿನ ಚಿತ್ರ ನೋಡಿದರೆ ಎಲ್ಲಾ ಒಂದೇ ಥರ. ಆದರೆ ಮನೆಗೆ ತಂದು ಹಾರಿಸಿದಾಗ ಒಂದು ಮೇಲಕ್ಕೇರಿ ಸೀದಾ ಗೋಡೆಗೆ ಬಡಿಯುತ್ತದೆ, ಇನ್ನೊಂದನ್ನು ಪಡಸಾಲೆಯಿಂದ ಅಡುಗೆಮನೆ ಬಾಗಿಲವರೆಗೆ ಒಯ್ದು, ತಿರುಗಿಸಿ, ವಾಪಸ್ ತಂದು ಕಾಲ ಮುಂದೆ ಇಳಿಸಬಹುದು. ಎರಡು ದಿನಕ್ಕೆ ಹುಡುಗ ಆಟಿಕೆಯನ್ನು ಮೂಲೆಗೆ ಹಾಕಿದರೆ ಅವನಿಗೇ ಬೈಯುತ್ತೇವೆ. ಹೆಚ್ಚಿನ ಸಲ ಅವನ ತಪ್ಪೇ ಇರುವುದಿಲ್ಲ, ನಾವು ತಂದುಕೊಟ್ಟಿದ್ದೇ ಹಾರಿಸಲು ಬಾರದ ಹೆಲಿಕಾಪ್ಟರ್.

ಹಾಗಾಗಿ ಅಂಗಡಿಯಲ್ಲಿ ಏನು ನೋಡಬೇಕು ಅನ್ನುವುದರಿಂದಲೇ ಶುರು ಮಾಡೋಣ.

ಮೊದಲು ಬಾಲ, ಆಮೇಲೆ ಉಳಿದದ್ದು

ಹೆಲಿಕಾಪ್ಟರಿನ ಬಾಲದ ತುದಿಯಲ್ಲಿ ಒಂದು ಪುಟ್ಟ ರೆಕ್ಕೆ ಇರುತ್ತದೆ. ಅದು ಹೇಗೆ ಕೂತಿದೆ ನೋಡಿ. ಛತ್ತಿನ ಫ್ಯಾನಿನ ಥರ ಅಡ್ಡಡ್ಡ ಮಲಗಿದ್ದು, ಕೆಳಗೆ ಒಂದು ಚಿಕ್ಕ ಮೋಟಾರ್ ಇದ್ದು, ಅದಕ್ಕೆ ಸಣ್ಣ ತಂತಿ ಹೋಗಿದ್ದರೆ ಅದು 3 ಚಾನೆಲ್ಲಿನದು. ಅಂದರೆ ಮೇಲೆ–ಕೆಳಗೆ, ಎಡಕ್ಕೆ–ಬಲಕ್ಕೆ ತಿರುಗುವುದು, ಮುಂದೆ–ಹಿಂದೆ ಹೋಗುವುದು, ಮೂರೂ ನಿಮ್ಮ ಕೈಯಲ್ಲಿ ಇರುತ್ತವೆ. ಆ ಪುಟ್ಟ ರೆಕ್ಕೆ ಬಾಲವನ್ನು ಸ್ವಲ್ಪ ಮೇಲಕ್ಕೆತ್ತಿದರೆ ಮೂತಿ ಕೆಳಗೆ ಬಾಗುತ್ತದೆ, ಹೆಲಿಕಾಪ್ಟರ್ ಮುಂದಕ್ಕೆ ಹೋಗುತ್ತದೆ. ಉಲ್ಟಾ ತಿರುಗಿದರೆ ಹಿಂದಕ್ಕೆ. ಅಷ್ಟು ಸರಳ.

ಬಾಲದ ರೆಕ್ಕೆ ಗೋಡೆ ಫ್ಯಾನಿನ ಥರ ಪಕ್ಕಕ್ಕೆ ಮುಖ ಮಾಡಿದ್ದು, ನೆತ್ತಿಯ ಮೇಲೆ ಎರಡು ಜೋಡಿ ದೊಡ್ಡ ರೆಕ್ಕೆಗಳಿದ್ದರೆ ಸಾಮಾನ್ಯವಾಗಿ ಆ ಬಾಲದ ರೆಕ್ಕೆ ಬರೀ ಅಂದಕ್ಕೆ. ಅಂಥ ಹೆಲಿಕಾಪ್ಟರ್ 2 ಚಾನೆಲ್ಲಿನದು. ಮೇಲೆ ಹೋಗುತ್ತದೆ, ತಿರುಗುತ್ತದೆ, ಮುಂದೆ ಹೋಗುವುದು ಮಾತ್ರ ಅದರ ಇಷ್ಟ. ಡಬ್ಬಿ ಸೀಲ್ ಆಗಿದ್ದರೆ ಅಂಗಡಿಯವರನ್ನು ಸೀದಾ ಕೇಳಿ: "ಅಣ್ಣಾರ, ಇದು ರಿಮೋಟ್‌ನಾಗ ಮುಂದ–ಹಿಂದ ಹೋಗ್ತೈತೇನ್ರಿ, ಇಲ್ಲಾ ಬರೀ ಮ್ಯಾಲ ಅಷ್ಟ ಹೋಗ್ತೈತೋ?" "ಎಲ್ಲಾ ಹೋಗ್ತೈತ್ರಿ" ಅನ್ನುವ ಉತ್ತರಕ್ಕೆ ತೃಪ್ತರಾಗಬೇಡಿ. ಡಬ್ಬಿ ತೆಗೆಸಿ, ಬಾಲ ನೋಡಿ.

ಇನ್ನೊಂದು ಜಾತಿ ಇದೆ. ಕೈ ಕೆಳಗೆ ಹಿಡಿದರೆ ಮೇಲೇರುವ ಸೆನ್ಸರ್ ಹೆಲಿಕಾಪ್ಟರ್. ಚಿಕ್ಕ ಮಕ್ಕಳಿಗೆ ಹತ್ತು ನಿಮಿಷದ ಖುಷಿ, ಸರಿ. ಆದರೆ ಹಾರಿಸುವುದನ್ನು ಕಲಿಯಬೇಕು ಅನ್ನುವವರಿಗೆ ಅದು ಬೇಡ.

ನೆತ್ತಿ ಮೇಲೆ ಎರಡು ಜೋಡಿ ರೆಕ್ಕೆ ಯಾಕೆ ಬೇಕು

ಒಂದೇ ರೆಕ್ಕೆ ಒಂದು ಕಡೆ ಜೋರಾಗಿ ತಿರುಗಿದರೆ ಕೆಳಗಿನ ಮೈ ಅದಕ್ಕೆ ವಿರುದ್ಧವಾಗಿ ತಿರುಗಲು ನೋಡುತ್ತದೆ. ದೊಡ್ಡ ಹೆಲಿಕಾಪ್ಟರಿನಲ್ಲಿ ಅದನ್ನು ತಡೆಯುವುದು ಬಾಲದ ರೆಕ್ಕೆ. ಆಟಿಕೆಯಲ್ಲಿ ಒಂದರ ಮೇಲೆ ಒಂದು ಎರಡು ಜೋಡಿ ಇಟ್ಟು, ಒಂದನ್ನು ಹೀಗೆ, ಇನ್ನೊಂದನ್ನು ಹಾಗೆ ತಿರುಗಿಸುತ್ತಾರೆ. ಎರಡರ ಎಳೆತ ಒಂದಕ್ಕೊಂದು ಸರಿಹೋಗುತ್ತದೆ. ಎಡಕ್ಕೋ ಬಲಕ್ಕೋ ತಿರುಗಬೇಕೆಂದಾಗ ಒಂದರ ವೇಗ ಸ್ವಲ್ಪ ಜಾಸ್ತಿ, ಇನ್ನೊಂದರದ್ದು ಕಡಿಮೆ. ಎಲ್ಲಕ್ಕಿಂತ ಮೇಲೆ ಎರಡೂ ತುದಿಗೆ ಗುಂಡು ಇರುವ ಒಂದು ಕಡ್ಡಿ ಅಡ್ಡ ಇರುತ್ತದೆ, ಅದು ಹೆಲಿಕಾಪ್ಟರ್ ಓಲಾಡದಂತೆ ನೋಡಿಕೊಳ್ಳುತ್ತದೆ. ಕಲಿಯುವವರಿಗೆ, ಅದೂ ಮನೆಯೊಳಗೆ, ಈ ಜೋಡಿ ರೆಕ್ಕೆಯದೇ ಸರಿ. ಒಂದೇ ರೆಕ್ಕೆಯ 4 ಚಾನೆಲ್ಲಿನವು ಪಕ್ಕಕ್ಕೂ ಜಾರುತ್ತವೆ, ಹಾರಿಸಲು ಮಜಾ ಇದೆ, ಆದರೆ ಕೈ ಪಳಗಿದ ಮೇಲೆ. 6 ಚಾನೆಲ್ಲಿನದನ್ನು ಮನೆಯೊಳಗೆ ತರಲೇಬೇಡಿ.

ಡಬ್ಬಿ ಮೇಲೆ 'ಜೈರೊ' ಅಂತ ಇದೆಯಾ ನೋಡಿ. ಮೈ ತಾನೇ ತಾನಾಗಿ ಸುತ್ತಲು ಶುರು ಮಾಡಿದರೆ ಅದನ್ನು ಹಿಡಿದು ನಿಲ್ಲಿಸುವುದು ಇದೇ. ಇದಿಲ್ಲದ ಹೆಲಿಕಾಪ್ಟರ್ ಗಾಳಿಯಲ್ಲಿ ಗಿರಗಿರ ಸುತ್ತುತ್ತದೆ, ಅಗ್ಗಕ್ಕೆ ಸಿಕ್ಕರೂ ಬೇಡ. ಸೈಮಾ ಕಂಪನಿಯ ಎಸ್107ಜಿ ಅನ್ನುವ ಮಾದರಿ ಬಹಳ ವರ್ಷಗಳಿಂದ ಎಲ್ಲ ಕಡೆ ಹೆಸರು ಮಾಡಿದ್ದು, ಅದರ ಕೊನೆಯ 'ಜಿ' ಅಂದರೆ ಜೈರೊನೇ. ಲೋಹದ ಚೌಕಟ್ಟು, 3 ಚಾನೆಲ್, ಸುಮಾರು 22 ಸೆಂಟಿಮೀಟರ್ ಉದ್ದ, ತೂಕ 40 ಗ್ರಾಂ ಆಸುಪಾಸು. ಇದನ್ನೇ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಬೇರೆ ಯಾವುದೇ ಹೆಲಿಕಾಪ್ಟರ್ ನೋಡುವಾಗ ಇದನ್ನು ಅಳತೆಗೆ ಇಟ್ಟುಕೊಳ್ಳಿ.

ರಿಮೋಟ್ ಎಂಥದ್ದು?

ಅಗ್ಗದವುಗಳಲ್ಲಿ ಟಿವಿ ರಿಮೋಟಿನ ಹಾಗೆ ಇನ್ಫ್ರಾರೆಡ್ ಇರುತ್ತದೆ. ರಿಮೋಟ್ ಹೆಲಿಕಾಪ್ಟರಿಗೆ ಕಾಣುತ್ತಿರಬೇಕು, ಕೋಣೆಯಷ್ಟು ದೂರಕ್ಕೆ ಸಾಕು. ತೊಂದರೆ ಇರುವುದು ಬಿಸಿಲಿನಲ್ಲಿ. ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಗವಾಕ್ಷಿಯಿಂದ ಮಧ್ಯಾಹ್ನ ಒಂದು ಬಿಸಿಲಿನ ಪಟ್ಟಿ ಒಳಗೆ ಬೀಳುತ್ತದಲ್ವಾ, ಹೆಲಿಕಾಪ್ಟರ್ ಅದರೊಳಗೆ ಹೋದರೆ ಸಾಕು, ಬಿಸಿಲಿನಲ್ಲಿರುವ ಇನ್ಫ್ರಾರೆಡ್ ಜೋರಿಗೆ ರಿಮೋಟಿನ ಮಾತು ಅದಕ್ಕೆ ತಲುಪುವುದಿಲ್ಲ, ಧಪ್ ಅಂತ ಬೀಳುತ್ತದೆ. ಕೆಟ್ಟಿದೆ ಅಂದುಕೊಂಡು ಅಂಗಡಿಗೆ ವಾಪಸ್ ಒಯ್ಯುವವರಿದ್ದಾರೆ. ಪರದೆ ಎಳೆದು ಇನ್ನೊಮ್ಮೆ ನೋಡಿ. ಇನ್ನೂರು–ಮುನ್ನೂರು ಜಾಸ್ತಿ ಕೊಟ್ಟರೆ ರೇಡಿಯೋ ಅಲೆಯಿಂದ ನಡೆಯುವ 2.4 ಗಿಗಾಹರ್ಟ್ಸ್‌ನದು ಸಿಗುವ ಹಾಗಿದ್ದರೆ ಅದನ್ನೇ ತಗೊಳ್ಳಿ, ಅದಕ್ಕೆ ಬಿಸಿಲಿನ ಕಾಟ ಇಲ್ಲ. ಅಣ್ಣ ತಮ್ಮ ಇಬ್ಬರಿಗೂ ಇನ್ಫ್ರಾರೆಡ್ಡೇ ಕೊಡಿಸುತ್ತೀರಾದರೆ ಒಂದು 'ಎ', ಇನ್ನೊಂದು 'ಬಿ' ಚಾನೆಲ್ಲಿನದಾಗಿರಲಿ (ಇಲ್ಲಿ ಚಾನೆಲ್ ಅಂದರೆ ರಿಮೋಟ್ ಸಂಕೇತದ ಗುರುತು), ಇಲ್ಲದಿದ್ದರೆ ಒಬ್ಬನ ರಿಮೋಟಿಗೆ ಎರಡೂ ಕುಣಿಯುತ್ತವೆ.

ಇನ್ಫ್ರಾರೆಡ್ ರಿಮೋಟ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂಗಡಿಯಲ್ಲೇ ನೋಡಬಹುದು. ಸೆಲ್ ಹಾಕಿಸಿ, ಆನ್ ಮಾಡಿ, ರಿಮೋಟಿನ ಎಡಗೈ ಕಡ್ಡಿಯನ್ನು ಮೇಲಕ್ಕೆ ತಳ್ಳಿ, ರಿಮೋಟಿನ ಮುಂಭಾಗವನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಕಣ್ಣಿಗೆ ಕಾಣದ ಬೆಳಕು ನೇರಳೆ ಚುಕ್ಕಿಯಾಗಿ ಮಿಣುಕುವುದು ಕಾಣುತ್ತದೆ.

ಇನ್ನು ಐಎಸ್ಐ ಗುರುತು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಇದು ಕಡ್ಡಾಯ. ಕರೆಂಟಿನ, ಬ್ಯಾಟರಿಯ ಆಟಿಕೆಗೆ ಐಎಸ್ 15644 ಅನ್ನುವ ಸಂಖ್ಯೆ. ಒಳಗೆ ಲಿಥಿಯಂ ಬ್ಯಾಟರಿ ಇರುವ ವಸ್ತು ಇದು, ಗುರುತು ಹುಡುಕಿಯೇ ತಗೊಳ್ಳಿ. ಬಿಡಿ ರೆಕ್ಕೆ ಸಿಗುತ್ತದಾ ಅಂತಲೂ ಕೇಳಿ. ಬಿಡಿಭಾಗ ಸಿಗದ ಹೆಲಿಕಾಪ್ಟರ್ ಮೊದಲ ಪೆಟ್ಟಿಗೇ ಕಸ.

ಮನೆಗೆ ತಂದ ಮೇಲೆ

ಬ್ಯಾಟರಿ 3.7 ವೋಲ್ಟಿನ ಚಿಕ್ಕ ಲಿಥಿಯಂ ಪಾಲಿಮರ್. ಮುಕ್ಕಾಲು ಗಂಟೆ ಚಾರ್ಜ್ ಮಾಡಿದರೆ ಆರೇಳು ನಿಮಿಷ ಹಾರುತ್ತದೆ. ಇಷ್ಟೇನಾ ಅಂತ ಮಕ್ಕಳಿಗೆ ಬೇಜಾರಾಗುತ್ತದೆ, ಮೊದಲೇ ಹೇಳಿಬಿಡಿ. ಜೊತೆಗೆ ಬಂದ ಕೇಬಲ್ಲಿನಿಂದಲೇ ಚಾರ್ಜ್ ಮಾಡಿ. ಹಾರಿಸಿದ ತಕ್ಷಣ ಬ್ಯಾಟರಿ ಬಿಸಿ ಇರುತ್ತದೆ, ಕಾಲು ಗಂಟೆಯಾದರೂ ಆರಲು ಬಿಡಿ. ನಮ್ಮಲ್ಲಿ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಕಿಟಕಿ ಪಕ್ಕ, ನಿಲ್ಲಿಸಿದ ಕಾರಿನೊಳಗೆ, ಪತ್ರಾಸ್ ಕೆಳಗೆ ಇಡಲೇಬಾರದು. ಹಾಸಿಗೆ ಮೇಲೆ ಇಟ್ಟು ರಾತ್ರಿಯಿಡೀ ಚಾರ್ಜಿಗೆ ಹಾಕುವುದಂತೂ ಅಪಾಯ. ಫರಸಿ ನೆಲದ ಮೇಲೆ, ಯಾರಾದರೂ ಎಚ್ಚರ ಇರುವಾಗ ಹಾಕಿ. ಬ್ಯಾಟರಿ ಉಬ್ಬಿದ್ದು ಕಂಡರೆ ಅಲ್ಲಿಗೆ ಮುಗಿಯಿತು. ಚುಚ್ಚಬೇಡಿ, ಕಸದ ಡಬ್ಬಿಗೂ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.

ಕೋಣೆ ಹತ್ತು ಅಡಿಗೆ ಹತ್ತು ಅಡಿಯಾದರೂ ಇರಲಿ. ಫ್ಯಾನ್ ಬಂದ್ ಮಾಡಿ, ಫ್ಯಾನಿನ ರೆಕ್ಕೆ ಪೂರ್ತಿ ನಿಂತ ಮೇಲೆ ಶುರು ಮಾಡಿ. ಸೆಖೆಯಲ್ಲಿ ಫ್ಯಾನಿಲ್ಲದೆ ಕೂಡುವುದು ಕಷ್ಟ, ಗೊತ್ತು, ಆದರೆ ನಲವತ್ತು ಗ್ರಾಂ ತೂಕದ ವಸ್ತುವಿಗೆ ಫ್ಯಾನಿನ ಗಾಳಿ ಅಂದರೆ ಬಿರುಗಾಳಿ. ಬೆಳಿಗ್ಗೆ ಇಲ್ಲ ರಾತ್ರಿ ಹಾರಿಸಿದರೆ ಆಯಿತು. ಫರಸಿ ಮೇಲೆ ಬಿದ್ದರೆ ರೆಕ್ಕೆ ಸೀಳುತ್ತದೆ, ಹಳೇ ಕೌದಿ ಹಾಸಿ, ಅದರ ನಡುವೆ ಒಂದು ಗಟ್ಟಿ ರಟ್ಟು ಇಟ್ಟು ರಟ್ಟಿನ ಮೇಲಿಂದ ಏರಿಸಿ.

ಹೆಲಿಕಾಪ್ಟರಿನ ಬಾಲ ನಿಮ್ಮ ಕಡೆ ಇರಲಿ, ಮೂತಿ ಆಚೆ. ಆನ್ ಮಾಡಿ, ಕೆಲವು ಸೆಕೆಂಡ್ ಮುಟ್ಟದೆ ಬಿಡಿ, ಜೈರೊ ಸರಿಯಾಗಿ ಕೂತುಕೊಳ್ಳಬೇಕು. ಈಗ ಎಡಗೈ ಕಡ್ಡಿಯನ್ನು ಮೇಲಕ್ಕೆ ತಳ್ಳಿ. ಎಲ್ಲರೂ ಎಡವುವುದು ಇಲ್ಲೇ. ಹೆದರಿ ಚೂರುಚೂರೇ ತಳ್ಳುತ್ತಾರೆ, ಹೆಲಿಕಾಪ್ಟರ್ ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ಒದ್ದಾಡಿ ಮಗುಚುತ್ತದೆ. ರೆಕ್ಕೆ ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಅದರ ಸುತ್ತಲೇ ಸುಳಿಯುತ್ತಿರುತ್ತದೆ, ಅದಕ್ಕೇ ಆ ಒದ್ದಾಟ. ಧೈರ್ಯವಾಗಿ ತಳ್ಳಿ, ಸೊಂಟದ ಎತ್ತರಕ್ಕೆ ತನ್ನಿ, ಆಮೇಲೆ ಕಡ್ಡಿಯನ್ನು ಸ್ವಲ್ಪ ಇಳಿಸಿ ಅಲ್ಲೇ ನಿಲ್ಲಿಸಲು ನೋಡಿ. ಛತ್ತಿನ ಹತ್ತಿರವೂ ಹೋಗಬೇಡಿ, ಅದು ಮೇಲಕ್ಕೆ ಎಳೆದುಕೊಳ್ಳುತ್ತದೆ. ನಿಂತಲ್ಲೇ ಒಂದು ಕಡೆ ತಿರುಗುತ್ತಿದ್ದರೆ ರಿಮೋಟಿನಲ್ಲಿರುವ ಟ್ರಿಮ್ ಗುಂಡಿಯನ್ನು ಅದರ ಉಲ್ಟಾ ದಿಕ್ಕಿಗೆ ನಿಧಾನಕ್ಕೆ ತಿರುಗಿಸಿ, ನಿಲ್ಲುತ್ತದೆ.

ಮೊದಲ ಒಂದೆರಡು ಚಾರ್ಜ್ ಬರೀ ಏರಿಸಿ ನಿಲ್ಲಿಸುವುದು, ಇಳಿಸುವುದು ಇಷ್ಟೇ ಮಾಡಿ. ಮುಂದೆ ಒಯ್ಯುವುದು ಆಮೇಲೆ. ಮೂತಿ ನಿಮ್ಮ ಕಡೆ ತಿರುಗಿದಾಗ ಎಡ ಬಲ ಅದಲುಬದಲಾಗುತ್ತದೆ, ಕೈಗೆ ಅದು ರೂಢಿಯಾಗಲು ಸಮಯ ಬೇಕು. ಗೋಡೆಗೆ ಬಡಿಯುತ್ತದೆ ಅನ್ನಿಸಿದ ಕ್ಷಣ ಕಡ್ಡಿಯನ್ನು ಪೂರ್ತಿ ಕೆಳಗೆ ತನ್ನಿ. ತಿರುಗುತ್ತಿರುವ ರೆಕ್ಕೆ ಪರದೆಗೆ ಸಿಕ್ಕಿಕೊಂಡು ನಿಂತರೆ ಮೋಟಾರ್ ಸುಡುತ್ತದೆ. ಬೀಳುವುದರಿಂದ ಅಷ್ಟು ಹಾಳಾಗುವುದಿಲ್ಲ, ಸಿಕ್ಕಿಕೊಳ್ಳುವುದರಿಂದಲೇ ಜಾಸ್ತಿ. ಚಿಕ್ಕ ಮಕ್ಕಳು ಹಿಡಿಯಲು ಓಡಿ ಬರುತ್ತಾರೆ, ಅವರನ್ನು ಮಂಚದ ಮೇಲೆ ಕೂಡಿಸಿ. ರೆಕ್ಕೆ ಕಣ್ಣಿಗೆ ತಾಗಬಾರದು.

ಹೊರಗೆ ಅಂಗಳದಲ್ಲಿ ಹಾರಿಸುವ ಆಸೆ ಬರುತ್ತದೆ. ಬೇಡ. ನಮ್ಮ ಬಯಲು ಸೀಮೆಯ ಗಾಳಿಗೆ ಅದು ಪಕ್ಕದ ಮನೆ ಮಾಳಿಗೆ ಮೇಲೆ ಹೋಗಿ ಕೂಡುತ್ತದೆ.

ರೆಕ್ಕೆ ಬದಲಿಸುವಾಗ ಒಂದು ಮಾತು. ಮೇಲಿನ ಜೋಡಿ, ಕೆಳಗಿನ ಜೋಡಿ ಬೇರೆ ಬೇರೆ, ಹಲವು ಮಾದರಿಗಳಲ್ಲಿ ಬುಡದ ಹತ್ತಿರ ಎ, ಬಿ ಅಂತ ಅಚ್ಚು ಇರುತ್ತದೆ. ಅದಲುಬದಲಾದರೆ ಮೇಲೇರುವುದೇ ಇಲ್ಲ. ಸ್ಕ್ರೂ ಬಿಗಿಯಾಗಿ ತಿರುಗಿಸಬೇಡಿ, ಬೆರಳಲ್ಲಿ ತಳ್ಳಿದರೆ ರೆಕ್ಕೆ ಸಡಿಲವಾಗಿ ಅತ್ತಿತ್ತ ಆಡಬೇಕು. ಬಾಲದ ರೆಕ್ಕೆ ಬುಡದಲ್ಲಿ, ಹಲ್ಲಿನ ಚಕ್ರದ ಹತ್ತಿರ ತಲೆಗೂದಲು, ಕೌದಿ ದಾರ ಸುತ್ತಿಕೊಂಡಿರುತ್ತದೆ, ಚಿಮಟಿಗೆಯಲ್ಲಿ ತೆಗೆದು ಹಳೇ ಟೂತ್‌ಬ್ರಷ್‌ನಲ್ಲಿ ಧೂಳು ಉಜ್ಜಿ. ಶಾಲೆ ಶುರುವಾಗಿ ಕಪಾಟಿಗೆ ಇಡುವಾಗ ರಿಮೋಟಿನ ಪೆನ್ಸಿಲ್ ಸೆಲ್ ಹೊರಗೆ ತೆಗೆಯಿರಿ, ಹೆಲಿಕಾಪ್ಟರನ್ನು ಅರ್ಧ ಚಾರ್ಜಿನಲ್ಲಿ ಇಡಿ, ಒಂದೆರಡು ತಿಂಗಳಿಗೊಮ್ಮೆ ಸ್ವಲ್ಪ ಚಾರ್ಜ್ ಕೊಡಿ. ಪೂರ್ತಿ ಖಾಲಿ ಬಿಟ್ಟ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯುವುದು ಕಷ್ಟ.